ಆರು ಜನ, ಎರಡು ಮಕ್ಕಳ ಸೀಟು, ಸಂಪಾಜೆ ಘಾಟಿ: ಯಾವ ಸೆಕೆಂಡ್ ಹ್ಯಾಂಡ್ ಕಾರು ಒಳ್ಳೆಯದು?

ಪ್ರಶ್ನೆ (ಮೈಸೂರಿನ ಸದಸ್ಯೆ)

ನಮಸ್ತೆ ಸರ್. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ, ಮಾವ, ಮೂರು ವರ್ಷದ ಮಗಳು. ಏಪ್ರಿಲ್‌ಗೆ ಇನ್ನೊಂದು ಮಗು ಬರುತ್ತದೆ. ಈಗಿರುವುದು ಹಳೆಯ ಡೀಸೆಲ್ ಸ್ವಿಫ್ಟ್. ಈಗಲೇ ಸಾಲುತ್ತಿಲ್ಲ.

ನನ್ನ ತವರು ಪುತ್ತೂರು. ತಿಂಗಳಿಗೊಮ್ಮೆ ಹುಣಸೂರು, ಮಡಿಕೇರಿ, ಸಂಪಾಜೆ ದಾರಿಯಲ್ಲಿ ಹೋಗಿ ಬರುತ್ತೇವೆ. ಉಳಿದ ದಿನ ಮೈಸೂರಿನೊಳಗೆ ಶಾಲೆ, ಬ್ಯಾಂಕು, ಮಾರ್ಕೆಟ್ಟು ಅಂತ ಚಿಕ್ಕ ಓಡಾಟ. ಎಲ್ಲ ಸೇರಿ ತಿಂಗಳಿಗೆ 900 ಕಿ.ಮೀ. ಆಗಬಹುದು. ಕಾರು ಜಾಸ್ತಿ ಓಡಿಸುವವಳು ನಾನೇ. ಒಳ್ಳೆ ಪಿಕಪ್ ಇರುವ ಗಾಡಿ ನನಗೆ ಇಷ್ಟ. ವಾಪಸ್ ಬರುವಾಗ ಜೋಡುಪಾಲದ ಏರಿನಲ್ಲಿ ಲಾರಿ ಹಿಂದೆ ತೆವಳಿ ತೆವಳಿ ಸಾಕಾಗಿದೆ.

ಬಜೆಟ್ 13 ಲಕ್ಷ, ಎಲ್ಲ ಖರ್ಚೂ ಸೇರಿ. ನನ್ನ ಗಂಡನಿಗೆ 2018ರ ಆಕ್ಟೇವಿಯಾ 1.8 ಪೆಟ್ರೋಲ್ ಮೇಲೆ ಕಣ್ಣು. ಕೂಸು ಹೇಗೂ ಮಡಿಲಲ್ಲೇ ಇರುತ್ತದೆ, ಐದು ಸೀಟು ಸಾಕು ಅನ್ನುತ್ತಾರೆ. ಮಾವ ಇನ್ನೋವಾ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ನಾನು ಎರ್ಟಿಗಾ ನೋಡಿದೆ, ಜಾಗ ಹಿಡಿಸಿತು. ನೀವೇನು ಹೇಳುತ್ತೀರಿ?

ಉತ್ತರ (ಗ್ಯಾರೇಜ್ ಮಾಲೀಕರು, ಹಾಸನ, 22 ವರ್ಷದ ಕೆಲಸ)

ನಮಸ್ತೆ ಮೇಡಂ. ಮೊದಲು ಕೂಸಿನ ವಿಷಯ ಮಾತಾಡೋಣ, ಕಾರು ಆಮೇಲೆ.

ಮಡಿಲಲ್ಲಿ ಬೇಡ. 50 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಕಾರು ಥಟ್ಟನೆ ನಿಂತರೆ ಎಂಥ ಗಟ್ಟಿ ಕೈಯಲ್ಲೂ ಕೂಸು ನಿಲ್ಲುವುದಿಲ್ಲ. ಕಾನೂನಿನಲ್ಲೂ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಕಡ್ಡಾಯ. ಇಲ್ಲದಿದ್ದರೆ 1000 ರೂಪಾಯಿ ದಂಡ. ದಂಡದ ಮಾತು ಬಿಡಿ, ನನ್ನ ಗ್ಯಾರೇಜಿಗೆ ಟೋ ಮಾಡಿಕೊಂಡು ಬಂದ ಗಾಡಿಗಳನ್ನು ನೋಡಿ ಹೇಳುತ್ತಿದ್ದೇನೆ. ಆರು ಜನ ಅಂದರೆ ಆರು ಸೀಟು, ಆರು ಬೆಲ್ಟ್.

ಹಾಗಾಗಿ ಆಕ್ಟೇವಿಯಾ ಲೆಕ್ಕದಿಂದ ಹೊರಗೆ. ಗಾಡಿ ಚೆನ್ನಾಗಿಲ್ಲ ಅಂತಲ್ಲ. 180 ಹಾರ್ಸ್‌ಪವರ್, 590 ಲೀಟರ್ ಡಿಕ್ಕಿ, ಓಡಿಸಲು ತುಂಬ ಸೊಗಸು. ನಾಲ್ಕು ಜನರ ಮನೆ ಆಗಿದ್ದರೆ ಯೋಚನೆ ಮಾಡಿ ಅಂತಲೇ ಹೇಳುತ್ತಿದ್ದೆ. ಆದರೆ ಆ 1.8ಕ್ಕೆ ಬರುವ ಏಳು ಗೇರಿನ ಡಿಎಸ್‌ಜಿ (ಒಂದು ಬಗೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಡ್ರೈ ಕ್ಲಚ್ಚಿನದು, ಅಂದರೆ ಕ್ಲಚ್ಚು ಆಯಿಲಿನಲ್ಲಿ ಮುಳುಗಿರುವುದಿಲ್ಲ. ಗೇರ್ ಬದಲಿಸುವ ಅದರ ಮೆಕಾಟ್ರಾನಿಕ್ ಯೂನಿಟ್ ಕೈಕೊಟ್ಟರೆ ಬಿಲ್ ಲಕ್ಷದ ಲೆಕ್ಕದಲ್ಲಿ ಬರುತ್ತದೆ. ಎಳೆ ಮಗು ಇರುವ ಮನೆಗೆ ಆ ತಲೆನೋವು ಬೇಡ.

ಇನ್ನು ಪಿಕಪ್ ವಿಷಯ. ನಿಮಗೆ ಬೇಕಿರುವುದು ಹೈವೇಯಲ್ಲಿ 160 ಮುಟ್ಟುವ ಕಾರಲ್ಲ. ಆರು ಜನ, ಬ್ಯಾಗು, ತವರಿಂದ ಕೊಟ್ಟ ತೆಂಗಿನಕಾಯಿ ಚೀಲ, ಎಸಿ ಆನ್, ಏರು ರಸ್ತೆ. ಇಷ್ಟು ಇದ್ದಾಗ 40ರಿಂದ 80ಕ್ಕೆ ಬೇಗ ಏರಬೇಕು. ಲಾರಿ ಪಕ್ಕದಲ್ಲಿ ಕಳೆಯುವ ಸಮಯ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಅದಕ್ಕೆ ಹಾರ್ಸ್‌ಪವರ್‌ಗಿಂತ ಟಾರ್ಕ್, ಅಂದರೆ ಇಂಜಿನ್ನಿನ ಎಳೆಯುವ ಬಲ, ನೋಡಬೇಕು. ಅದು ಎಷ್ಟು ಕೆಳಗಿನ ಆರ್‌ಪಿಎಂನಲ್ಲಿ (ಇಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಸಿಗುತ್ತದೆ ಅನ್ನುವುದನ್ನೂ ನೋಡಬೇಕು.

ಎರ್ಟಿಗಾ 1.5 ಪೆಟ್ರೋಲಿನ ಟಾರ್ಕ್ 138 ನ್ಯೂಟನ್ ಮೀಟರ್. ಅದೂ 4400 ಆರ್‌ಪಿಎಂನಲ್ಲಿ. ಅಂದರೆ ಏರಿನಲ್ಲಿ ಎರಡನೇ ಗೇರಿಗೆ ಇಳಿಸಿ ಇಂಜಿನ್ ಕಿರುಚಿಸಬೇಕು. ಊರೊಳಗೆ, ಬಯಲು ರಸ್ತೆಯಲ್ಲಿ ಅದರಷ್ಟು ಸುಲಭದ ಗಾಡಿ ಇಲ್ಲ, ಮೇಂಟೆನೆನ್ಸೂ ಕಡಿಮೆ. ಆದರೆ ತುಂಬಿದ ಎರ್ಟಿಗಾದಲ್ಲಿ ಸಂಪಾಜೆ ಏರಿನಲ್ಲಿ ಓವರ್‌ಟೇಕ್ ಮಾಡಲು ತಾಳ್ಮೆ ಬೇಕು. ನಿಮ್ಮ ಬರಹ ನೋಡಿದರೆ ಅದು ನಿಮಗೆ ಆಗುವುದಿಲ್ಲ.

ಇನ್ನೋವಾ ಕ್ರಿಸ್ಟಾ 2.4 ಡೀಸೆಲ್ ಮ್ಯಾನುಯಲ್‌ನಲ್ಲಿ 343 ನ್ಯೂಟನ್ ಮೀಟರ್, 1400 ಆರ್‌ಪಿಎಂನಿಂದಲೇ. ಎಳೆತಕ್ಕೆ ಎರಡು ಮಾತಿಲ್ಲ. ಮಾವ ಹೇಳುವುದರಲ್ಲಿ ತೂಕ ಇದೆ. ತೊಂದರೆ ಎಂದರೆ 13 ಲಕ್ಷಕ್ಕೆ ಸಿಗುವುದು 2016, 2017ರ ಗಾಡಿ. ಒಂದೂವರೆ ಲಕ್ಷ ಕಿ.ಮೀ. ಓಡಿರುವ ಸಾಧ್ಯತೆ ಜಾಸ್ತಿ. ಕ್ರಿಸ್ಟಾಗೆ ಆ ಓಟ ದೊಡ್ಡದಲ್ಲ, ಆದರೆ ಅದರಲ್ಲಿ ಹಲವು ಮೊದಲು ಯೆಲ್ಲೋ ಬೋರ್ಡ್ ಆಗಿದ್ದು ಆಮೇಲೆ ವೈಟ್ ಬೋರ್ಡ್ ಆದವು. ಆರ್‌ಸಿಯ ಹಿಂದಿನ ದಾಖಲೆ ನೋಡದೆ ಮುಂಗಡ ಕೊಡಬೇಡಿ.

ನನ್ನ ಸಲಹೆ ಕಿಯಾ ಕ್ಯಾರೆನ್ಸ್, 2022ರ 1.4 ಟರ್ಬೊ ಪೆಟ್ರೋಲ್, ಮ್ಯಾನುಯಲ್. 140 ಹಾರ್ಸ್‌ಪವರ್, 242 ನ್ಯೂಟನ್ ಮೀಟರ್, 1500 ಆರ್‌ಪಿಎಂನಿಂದ 3200ರವರೆಗೆ. ಮೂರನೇ ಗೇರಿನಲ್ಲೇ ಲಾರಿ ದಾಟಬಹುದು. ಆರು ಏರ್‌ಬ್ಯಾಗ್ ಎಲ್ಲ ಮಾಡೆಲ್‌ಗೂ ಬರುತ್ತದೆ. 2023ರಲ್ಲಿ ಇದರ ಜಾಗಕ್ಕೆ 1.5 ಟರ್ಬೊ ಬಂತು, 160 ಹಾರ್ಸ್‌ಪವರ್. ಬಜೆಟ್ಟಿನಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಮಾತು: ಟರ್ಬೊ ಪೆಟ್ರೋಲ್ ಎಳೆತ ಕೊಟ್ಟಷ್ಟೇ ಪೆಟ್ರೋಲ್ ಕುಡಿಯುತ್ತದೆ. ಸ್ವಿಫ್ಟ್ ಡೀಸೆಲಿನ ಮೈಲೇಜ್ ಮರೆತುಬಿಡಿ.

ಡೀಸೆಲ್ ಯಾಕೆ ಬೇಡ ಅಂತ ಕೇಳುತ್ತೀರಿ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ನಿಯಮದ ಹೊಸ ಮಟ್ಟ) ಡೀಸೆಲ್‌ಗಳಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಹೊಗೆಯ ಮಸಿ ಅದರಲ್ಲಿ ಕೂರುತ್ತದೆ. ಆ ಮಸಿ ಸುಟ್ಟುಹೋಗಲು ಇಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ದೂರ ನಿಲ್ಲದೆ ಓಡಬೇಕು. ನೀವು ಹೆಚ್ಚಿನ ದಿನ ಶಾಲೆಗೆ, ಬ್ಯಾಂಕಿಗೆ ಹೋಗಿ ಗಾಡಿ ನಿಲ್ಲಿಸುವವರು. ಫಿಲ್ಟರ್ ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಉರಿಯುತ್ತದೆ. ತಿಂಗಳಿಗೆ 900 ಕಿ.ಮೀ.ಗೆ ಪೆಟ್ರೋಲ್ ಸಾಕು.

ಯಾರು ಎಲ್ಲಿ ಕೂರಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ, ಇದರಲ್ಲೇ ಎಲ್ಲರೂ ಎಡವುತ್ತಾರೆ. ಹಿರಿಯರನ್ನು ಹಿಂದಿನ ಸಾಲಿಗೆ ಕಳಿಸಬೇಡಿ. ಅಲ್ಲಿ ಸೀಟು ತಗ್ಗು, ಮಂಡಿ ಮೇಲೆದ್ದು ಕೂರಬೇಕು. ಮಾವ ಮುಂದೆ. ಮಧ್ಯದ ಸಾಲಿನಲ್ಲಿ ಡ್ರೈವರ್ ಹಿಂದೆ ಕೂಸಿನ ಸೀಟು, ಹಿಮ್ಮುಖವಾಗಿ. ಎಡಗಡೆ ಅತ್ತೆ. ಮೂರನೇ ಸಾಲಿನಲ್ಲಿ ಮಗಳ ಸೀಟು, ಪಕ್ಕದಲ್ಲಿ ನೀವು ಇಬ್ಬರಲ್ಲಿ ಓಡಿಸದವರು. ಕೂಸು ಹಿಂದಕ್ಕೆ ಮುಖ ಮಾಡಿರುವುದರಿಂದ ಹಿಂದೆ ಕೂತವರು ಸ್ವಲ್ಪ ಮುಂದೆ ಬಗ್ಗಿದರೆ ಮುಖ ಕಾಣುತ್ತದೆ. ಕ್ಯಾರೆನ್ಸ್‌ನಲ್ಲಿ ಎಡಗಡೆ ಸೀಟು ಒಂದು ಬಟನ್ ಒತ್ತಿದರೆ ಮಡಚಿಕೊಂಡು ದಾರಿ ಬಿಡುತ್ತದೆ. ಅದಕ್ಕೇ ಕೂಸಿನ ಸೀಟು ಬಲಗಡೆ ಅಂದಿದ್ದು. ಎಡಗಡೆ ಕಟ್ಟಿದರೆ ಪ್ರತಿ ಸಲ ಬಿಚ್ಚಬೇಕು.

ಮೂರೂ ಸಾಲು ಎತ್ತಿದರೆ ಡಿಕ್ಕಿಯಲ್ಲಿ 200 ಲೀಟರ್ ಮೇಲೆ ಸ್ವಲ್ಪ ಉಳಿಯುತ್ತದೆ ಅಷ್ಟೇ. ಎರ್ಟಿಗಾದ್ದೂ ಅದೇ ಕಥೆ. ತೆಂಗಿನಕಾಯಿ ಚೀಲಕ್ಕೆ ರೂಫ್ ಕ್ಯಾರಿಯರ್ ಹಾಕಿಸಿ.

ನಡುವೆ ಒಂದು ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು)

ಸರ್, ನಮ್ಮದೂ ದೊಡ್ಡ ಸಂಸಾರ. ದೆಹಲಿ ನೋಂದಣಿಯ 2017ರ ಎಕ್ಸ್‌ಯುವಿ500 ಡೀಸೆಲ್ ನೋಡಿದ್ದೀನಿ. ಇಲ್ಲಿನ ರೇಟಿಗಿಂತ ಎರಡೂವರೆ ಲಕ್ಷ ಕಡಿಮೆ ಹೇಳುತ್ತಿದ್ದಾರೆ. ತಗೊಳ್ಳಬಹುದಾ?

ಉತ್ತರ

ಸುಮ್ನೆ ಯಾರೂ ಕಡಿಮೆಗೆ ಕೊಡುವುದಿಲ್ಲ ಅಣ್ಣಾವ್ರೇ. ದೆಹಲಿ ಕಡೆ ಡೀಸೆಲ್ ಗಾಡಿಗೆ 10 ವರ್ಷದ ಮಿತಿ ಹಾಕಿದ್ದರಿಂದ ಅಲ್ಲಿನ ಗಾಡಿಗಳು ದಕ್ಷಿಣಕ್ಕೆ ಬರುತ್ತವೆ. ಗಾಡಿ ಚೆನ್ನಾಗಿಯೇ ಇರಬಹುದು. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ), ಅಂದರೆ ಫಾರಂ 28 ಬರಬೇಕು. 12 ತಿಂಗಳೊಳಗೆ ಇಲ್ಲಿ ಹೊಸ ನಂಬರ್ ಮಾಡಿಸಬೇಕು. ಕರ್ನಾಟಕದ ಲೈಫ್ ಟ್ಯಾಕ್ಸ್ ಬೇರೆ ಕಟ್ಟಬೇಕು. ನಮ್ಮ ರಾಜ್ಯದ ಟ್ಯಾಕ್ಸ್ ದೇಶದಲ್ಲೇ ಜಾಸ್ತಿ ಇರುವವುಗಳಲ್ಲಿ ಒಂದು. ಆರ್‌ಟಿಒ ಕಚೇರಿಗೆ ಹೋಗಿ ಆ ಗಾಡಿಯ ವರ್ಷ, ಮೂಲ ಬೆಲೆ ಹೇಳಿ ಎಷ್ಟಾಗುತ್ತದೆ ಅಂತ ಬರೆಸಿಕೊಂಡು ಬನ್ನಿ. ಎರಡೂವರೆ ಲಕ್ಷದಲ್ಲಿ ಎಷ್ಟು ಉಳಿಯುತ್ತದೆ ಅಂತ ಆಮೇಲೆ ನೋಡಿ. ಎಕ್ಸ್‌ಯುವಿ500ರಲ್ಲಿ ಮೂರನೇ ಸಾಲು ಎತ್ತಿದರೆ ಡಿಕ್ಕಿಯಲ್ಲಿ ಒಂದು ಕೈಚೀಲದ ಜಾಗ ಉಳಿಯುತ್ತದೆ, ಅದೂ ನೆನಪಿರಲಿ.

ಮತ್ತೆ ಮೈಸೂರಿನ ಸದಸ್ಯೆ

ಸರ್, ತುಂಬ ಥ್ಯಾಂಕ್ಸ್. ಮನೆಯಲ್ಲಿ ಓದಿ ಹೇಳಿದೆ. ಮಡಿಲಿನ ಮಾತು ನನ್ನ ಗಂಡ ಬಿಟ್ಟರು. ಈಗ ಎರಡು ಕ್ಯಾರೆನ್ಸ್ ಸಿಕ್ಕಿವೆ, ಎರಡೂ 2022ರ 1.4 ಟರ್ಬೊ. ಒಂದು ಡೀಲರ್ ಹತ್ತಿರ, 28,000 ಕಿ.ಮೀ. ಅಂತ ಮೀಟರ್ ತೋರಿಸುತ್ತದೆ. ಹೊಳೆಯುತ್ತಿದೆ. ಇನ್ನೊಂದು ಮಾಲೀಕರೇ ಮಾರುತ್ತಿರುವುದು, 46,000 ಕಿ.ಮೀ. ನೋಡಲು ಹೋದಾಗ ಏನೇನು ಪರೀಕ್ಷೆ ಮಾಡಲಿ?

ಉತ್ತರ

ಹೋಗುವ ಮುಂಚೆ ಫೋನ್ ಮಾಡಿ, ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಏನನ್ನೋ ಮುಚ್ಚಲು ಮೊದಲೇ ಓಡಿಸಿದ್ದಾರೆ ಅಂತ ಅನುಮಾನ ಪಡಿ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಆಗುವಾಗಿನ ಸದ್ದು, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದಾ ಅನ್ನುವುದು, ಇವೆರಡೂ ಬಹಳ ಹೇಳುತ್ತವೆ.

ಆಮೇಲೆ ಟೈರ್. ಟೈರಿನ ಪಕ್ಕದ ಮೈಮೇಲೆ ನಾಲ್ಕು ಅಂಕಿ ಇರುತ್ತದೆ. 0922 ಅಂದರೆ 2022ರ 9ನೇ ವಾರ ತಯಾರಾದದ್ದು. 28,000 ಕಿ.ಮೀ. ನಿಜವಾದರೆ ಕಂಪನಿಯಿಂದ ಬಂದ ಟೈರೇ ಇರಬೇಕು. ನಾಲ್ಕೂ ಹೊಸ ಟೈರ್ ಇದ್ದರೆ ಯಾಕೆ ಅಂತ ಕೇಳಿ. ಬ್ರೇಕ್ ಪೆಡಲಿನ ರಬ್ಬರ್, ಸ್ಟೇರಿಂಗ್ ಮೇಲಿನ ಲೆದರ್, ಡ್ರೈವರ್ ಸೀಟಿನ ಬಲಗಡೆ ಅಂಚು ನೋಡಿ. ಮೀಟರ್ ತಿರುಗಿಸಬಹುದು, ಸವೆದ ರಬ್ಬರನ್ನು ಮರೆಮಾಚುವುದು ಕಷ್ಟ. ಗಾಡಿ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರಿನ ಹಿಸ್ಟರಿಯನ್ನು ಮಾಲೀಕರ ಮೂಲಕ ತರಿಸಿಕೊಳ್ಳಿ. ತರಿಸಲು ಹಿಂಜರಿದರೆ ಅಲ್ಲಿಗೇ ಎದ್ದು ಬನ್ನಿ.

ನೀರಲ್ಲಿ ಮುಳುಗಿದ ಗಾಡಿ ಹೌದೋ ಅಲ್ಲವೋ ನೋಡಲು ಸೀಟ್ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆಯಿರಿ. ಸೀಟು, ಕಾರ್ಪೆಟ್ ಎಲ್ಲ ತೊಳೆಯುತ್ತಾರೆ. ಒಳಗೆ ಸುತ್ತಿಕೊಂಡ ಬೆಲ್ಟ್ ತೊಳೆಯುವವರು ಕಡಿಮೆ. ಅಲ್ಲಿ ಕೆಸರಿನ ಗೆರೆ ಕಾಣುತ್ತದೆ. ಮೊಬೈಲ್ ಟಾರ್ಚ್ ಹಾಕಿ ಸೀಟಿನ ಕೆಳಗಿನ ಹಳಿ ತುಕ್ಕು ಹಿಡಿದಿದೆಯಾ ನೋಡಿ. ಬಾಗಿಲು, ಬಾನೆಟ್, ಫೆಂಡರಿನ ಬೋಲ್ಟುಗಳ ಮೇಲಿನ ಪೇಂಟ್ ಕಿತ್ತಿದ್ದರೆ ಸ್ಪ್ಯಾನರ್ ಹಾಕಿದ್ದಾರೆ ಎಂದರ್ಥ. ಒಂದು ಫೆಂಡರ್ ಬದಲಿಸಿದ್ದರೆ ಭಯ ಬೇಡ, ಮಾಲೀಕರು ತಾವಾಗಿಯೇ ಹೇಳಿದರಾ ಅನ್ನುವುದು ಮುಖ್ಯ.

ಕೊನೆಗೆ ಟೆಸ್ಟ್ ಡ್ರೈವ್. ಒಬ್ಬರೇ ಹೋಗಬೇಡಿ. ಅತ್ತೆ, ಮಾವ, ಮಗಳು, ಮಗಳ ಸೀಟು, ಹೊಸ ಕೂಸಿನ ಸೀಟು, ಎಲ್ಲರನ್ನೂ ಎಲ್ಲವನ್ನೂ ಹಾಕಿಕೊಂಡು ಚಾಮುಂಡಿ ಬೆಟ್ಟ ಹತ್ತಿಸಿ. ಎಸಿ ಆನ್ ಇರಲಿ. ಮೂರನೇ ಗೇರಿನಲ್ಲಿ ತಡವರಿಸದೆ ಏರುತ್ತದಾ, ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತದಾ ನೋಡಿ.

ಬೆಲೆ ಮಾತಾಡುವಾಗ ಒಂದು ಆಧಾರ ನಿಮ್ಮ ಕೈಯಲ್ಲಿದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದು ಹೊಸ ಕಾರುಗಳ ಬೆಲೆ ಕಡಿಮೆ ಆಗಿದೆ. ಮಾರುವವರು ಹಳೆ ಶೋರೂಮ್ ಬೆಲೆ ಹಿಡಿದು ಲೆಕ್ಕ ಹೇಳಿದರೆ ಇವತ್ತಿನ ಬೆಲೆ ತೋರಿಸಿ.

ಹತ್ತು ದಿನದ ನಂತರ, ಮೈಸೂರಿನ ಸದಸ್ಯೆ

ಸರ್, ಎರಡೂ ನೋಡಿ ಬಂದೆವು. ಡೀಲರ್ ಹತ್ತಿರದ ಗಾಡಿಯ ನಾಲ್ಕೂ ಟೈರ್ 2025ರವು. ಬ್ರೇಕ್ ಪೆಡಲಿನ ರಬ್ಬರ್ ಒಂದು ಬದಿ ನುಣ್ಣಗಾಗಿತ್ತು. ಸರ್ವಿಸ್ ಹಿಸ್ಟರಿ ತರಿಸಿ ಅಂತ ಮೂರು ಸಲ ಕೇಳಿದ ಮೇಲೆ ಬಂತು. ಒಂದೂವರೆ ವರ್ಷದ ಹಿಂದಿನ ಸರ್ವಿಸ್‌ನಲ್ಲೇ 71,000 ಕಿ.ಮೀ. ಅಂತ ಬರೆದಿದೆ. ನನಗೆ ಅಲ್ಲೇ ಕೈ ನಡುಗಿತು. ಆ ಹೊಳಪು ನೋಡಿ ಮುಂಗಡ ಕೊಡಲು ಚೆಕ್ ಬುಕ್ ಒಯ್ದಿದ್ದೆವು.

ಎರಡನೆಯದನ್ನು ಚಾಮುಂಡಿ ಬೆಟ್ಟಕ್ಕೆ ಹತ್ತಿಸಿದೆವು. ಮಾಲೀಕರು ಮುಂದಿನ ಎಡ ಫೆಂಡರ್ ಆಟೋ ತಾಗಿ ಬದಲಿಸಿದ್ದನ್ನು ತಾವೇ ಹೇಳಿ ಬಿಲ್ ತೋರಿಸಿದರು. ಟೈರ್ ಮೊದಲಿನವೇ, ಸ್ವಲ್ಪ ಸವೆದಿವೆ. ಅತ್ತೆಗೆ ಮಂಡಿನೋವು, ಆದರೂ ಹತ್ತಿ ಇಳಿಯಲು ಯಾರ ಕೈಯನ್ನೂ ಹಿಡಿಯಲಿಲ್ಲ. ನಾನು ಹಿಂದೆ ಮಗಳ ಪಕ್ಕ ಕೂತು ನೋಡಿದೆ. ಖಾಲಿ ಕೂಸಿನ ಸೀಟು ನನ್ನ ಕಡೆ ಮುಖ ಮಾಡಿತ್ತು. ಮಾವ ಇಳಿದ ಮೇಲೆ "ಇನ್ನೋವಾ ಅಲ್ಲ, ಆದರೆ ಸಾಕು" ಅಂದರು. 11 ಲಕ್ಷ 60 ಸಾವಿರಕ್ಕೆ ಮಾತಾಗಿದೆ. ದುಡ್ಡು ಕೊಡುವ ಮುಂಚೆ ಇನ್ನೇನು ನೋಡಲಿ?

ಉತ್ತರ

ಬಹಳ ಸಂತೋಷ ಆಯಿತು ಮೇಡಂ. ಆ ಸರ್ವಿಸ್ ಹಿಸ್ಟರಿಗೆ ಮೂರು ಸಲ ಕೇಳಿದ್ದೀರಲ್ಲ, ಅದೇ ನಿಮ್ಮನ್ನು ಕಾಪಾಡಿತು.

ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ನಮೂದಾಗಿದ್ದರೆ ಅದು ತೀರಿದ ಮೇಲೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಬೇಕು. ಬಾಕಿ ಟ್ರಾಫಿಕ್ ದಂಡ ಅವರಿಂದಲೇ ಕಟ್ಟಿಸಿ. ಹೆಸರು ವರ್ಗಾವಣೆಗೆ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಳ್ಳಿ. ಪೂರ್ತಿ ದುಡ್ಡು ಆ ಸಹಿ ಆದ ಮೇಲೆಯೇ ಕೊಡಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಅವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ. ನಿಮ್ಮ ಸ್ವಿಫ್ಟ್ ಮೇಲೆ ಬೋನಸ್ ಇದ್ದರೆ ಅದನ್ನು ಮಾರುವಾಗ ಸರ್ಟಿಫಿಕೇಟ್ ತೆಗೆದುಕೊಳ್ಳಿ, ಈ ಗಾಡಿಗೆ ಬಳಸಬಹುದು.

ಉಳಿದ ದುಡ್ಡಿನಲ್ಲಿ ನಾಲ್ಕು ಟೈರ್ ಹಾಕಿಸಿ, ಮಳೆಗಾಲಕ್ಕೆ ಕಾಯಬೇಡಿ. ಇಂಜಿನ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್ ಬದಲಿಸಿ. ಏಪ್ರಿಲ್‌ಗೆ ಮುಂಚೆ ಕೂಸಿನ ಸೀಟನ್ನು ಕಟ್ಟಿ, ಬಿಚ್ಚಿ ಮನೆಯ ಎಲ್ಲರೂ ಒಂದೆರಡು ಸಲ ಅಭ್ಯಾಸ ಮಾಡಿ, ಮಾವನೂ ಸೇರಿ. ಆಸ್ಪತ್ರೆಯಿಂದ ಮನೆಗೆ ಬರುವ ದಿನ ಯಾರ ಕೈಯೂ ತಡಕಾಡಬಾರದು.