ಬಾವಿ ಉಪ್ಪಿನ ಪ್ರಾಜೆಕ್ಟಿಗೆ ಮನೆಮನೆ ಸಮೀಕ್ಷೆ ಸೇರಿಸಬಹುದಾ? ಮಾಡಿದವರು ಹೇಳಿ

ಉಳ್ಳಾಲ_ಎಂಎಸ್ಸಿ: ರಸಾಯನಶಾಸ್ತ್ರ ಓದುತ್ತಿದ್ದೇನೆ. ನೇತ್ರಾವತಿ ಅಳಿವೆ ಬದಿಯ ಬಾವಿಗಳ ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಅಳೆಯುವುದು. ಸಮಾಜಶಾಸ್ತ್ರದವರ ಜೊತೆ ಸೇರಿ ಸಮೀಕ್ಷೆಯೂ ಮಾಡುವ ಆಸೆ. ಒಂದು ಸೆಮಿಸ್ಟರಿನಲ್ಲಿ ಮುಗಿದೀತಾ?

ಬ್ಯೂರೆಟ್_ಭಟ್ರು: ಮೊದಲು ಕ್ಲೋರೈಡ್ ಸರಿಯಾಗಲಿ ಮಾರಾಯ್ರೇ. ಮೋರ್ ವಿಧಾನಕ್ಕೆ (ನೀರಿಗೆ ಕ್ರೋಮೇಟ್ ಸೂಚಕ ಹಾಕಿ, ಕೆಂಪು ಬರುವ ತನಕ ಬ್ಯೂರೆಟ್ ಕೊಳವೆಯಿಂದ ಸಿಲ್ವರ್ ನೈಟ್ರೇಟ್ ಬಿಡುವ ಟೈಟ್ರೇಷನ್) ಪಿಎಚ್ 7ರಿಂದ 10 ಬೇಕು. ಮುರಕಲ್ಲಿನ ಬಾವಿ ನೀರು ಹೆಚ್ಚಾಗಿ ಆಮ್ಲೀಯ. ಹಾಗೇ ಟೈಟ್ರೇಷನ್ ಮಾಡಿದರೆ ಕ್ರೋಮೇಟ್ ಡೈಕ್ರೋಮೇಟ್ ಆಗಿ ಕೆಂಪು ತಡವಾಗಿ ಬರುತ್ತದೆ, ಇಲ್ಲದ ಉಪ್ಪು ಲೆಕ್ಕಕ್ಕೆ ಸೇರುತ್ತದೆ. ಚಿಟಿಕೆ ಸೋಡಿಯಂ ಬೈಕಾರ್ಬನೇಟ್ ಹಾಕಿ. ಇನ್ನು ಖರ್ಚು. 0.0141 ನಾರ್ಮಲ್ ದ್ರಾವಣಕ್ಕೆ ಲೀಟರಿಗೆ 2.395 ಗ್ರಾಂ ಸಿಲ್ವರ್ ನೈಟ್ರೇಟ್. ಲೀಟರಿಗೆ 1000 ಮಿ.ಗ್ರಾಂ ಕ್ಲೋರೈಡ್ ಇರುವ ನೀರು 100 ಮಿ.ಲೀ. ತೆಗೆದರೆ 200 ಮಿ.ಲೀ. ದ್ರಾವಣ ಕುಡಿಯುತ್ತದೆ, 10 ಮಿ.ಲೀ. ತೆಗೆದರೆ 20 ಸಾಕು. ಸಮೀಕ್ಷೆ ಎಲ್ಲ ಆಮೇಲೆ.

ಕಿಂಡಿ_ಅಣೆಕಟ್ಟು: ಆಮೇಲೆ ಅಂದ್ರೆ ಎಂತ ಭಟ್ರೇ? ಉಪ್ಪಾದ ಬಾವಿಯನ್ನು ಮನೆಯವರು ಕುಡಿಯಲು ಬಿಟ್ಟು ಬಟ್ಟೆ ಒಗೆಯಲಿಕ್ಕೆ ಇಟ್ಟಿರುತ್ತಾರೆ. "ಕುಡಿಯುವ ಬಾವಿ ತೋರಿಸಿ" ಅಂದರೆ ಅಳೆಯಬೇಕಾದ ಬಾವಿಯೇ ಪಟ್ಟಿಯಿಂದ ಔಟ್. ಯಾವ ತಿಂಗಳು ರುಚಿ ಕೆಡುತ್ತದೆ, ನೀರು ಹೊರುವವರು ಯಾರು, ಇದೆಲ್ಲ ಕೇಳಿಯೇ ಬಾವಿ ಆರಿಸಬೇಕು. ತುಳು, ಬ್ಯಾರಿಯಲ್ಲಿ ಬಾಯಲ್ಲೇ ಕೇಳಿ. ಕಟ್ಟಿದ ಬೀಡಿ ಕೊಡಲು ಬೀಡಿ ಬ್ರಾಂಚಿಗೆ ಹೋಗುವ ಹೊತ್ತಿಗೆ ಬಾಗಿಲು ತಟ್ಟಬೇಡಿ, ಹಾರಿಕೆ ಉತ್ತರ ಸಿಗುತ್ತದೆ. ಎಥಿಕ್ಸ್ ಸಮಿತಿಯ ಒಪ್ಪಿಗೆ ಮೊದಲೇ ಬೇಕು.

ಬ್ಯೂರೆಟ್_ಭಟ್ರು: ಆ ಸಹಿಗೆ ಕಾಯುವಾಗ ಮಳೆ ಬಂದು ಬಾವಿಯೆಲ್ಲ ಸಿಹಿ! ಸಮಾಜಸೇವೆಗೆ ಬೇರೆ ಡಿಗ್ರಿ ಉಂಟು.

ಕಿಂಡಿ_ಅಣೆಕಟ್ಟು: ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಓದಿ. ಕ್ಲೋರೈಡ್ ಲೀಟರಿಗೆ 250 ಮಿ.ಗ್ರಾಂ, ಬೇರೆ ಮೂಲ ಇಲ್ಲದಿದ್ದರೆ ಮಾತ್ರ 1000. ಬೇರೆ ಮೂಲ ಉಂಟಾ ಇಲ್ವಾ ಅಂತ ನಿಮ್ಮ ಬ್ಯೂರೆಟ್ ಹೇಳ್ತದಾ? ನಳ್ಳಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಆ ಮನೆಯ ಹೆಂಗಸನ್ನೇ ಕೇಳಬೇಕು. ಇದು ಸೇವೆ ಅಲ್ಲ, ಮಾಪನದ್ದೇ ಭಾಗ.

ಗದ್ದೆ_ಬದಿ: ಇಬ್ಬರೂ ಉಪ್ಪುನೀರು ತಡೆಯಲು ಕಿಂಡಿ ಅಣೆಕಟ್ಟಿನ ಕಿಂಡಿಗಳಿಗೆ ಹಾಕುವ ಹಲಗೆಯ ವಿಷಯ ಬಿಟ್ಟಿರಿ. ಎರಡು ಸಾಲು ಹಲಗೆ ನಡುವೆ ಮಣ್ಣು ಗಟ್ಟಿಯಾಗಿ ತುಂಬದಿದ್ದರೆ ಉಬ್ಬರದ ನೀರು ಸೋರಿ ಒಳಗೆ ಬರುತ್ತದೆ. ಹಲಗೆ ಹಾಕಿದ ದಿನಾಂಕ ಪಂಚಾಯತಿನಲ್ಲಿ ಕೇಳಿ, ಅದಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಸ್ಯಾಂಪಲ್ ತೆಗೆಯಿರಿ. ಫೈಬರ್ ಹಲಗೆಯಾದರೆ ಈ ತಲೆಬಿಸಿ ಕಡಿಮೆ.

ಕಿಂಡಿ_ಅಣೆಕಟ್ಟು: ಫೈಬರಾ? ತೋಡು ಅಗೆದ ಕಸ ಸಿಕ್ಕಿಕೊಂಡರೆ ಅದೂ ಕೂರುವುದಿಲ್ಲ. ಬೇರೆ ಥ್ರೆಡ್ ಮಾಡಿ, ಅಲ್ಲಿ ಮಾತಾಡುವ.