ಪಾರ್ಕ್ ಹಿಂದಿನ ರಸ್ತೆ ವಿಷ್ಯ: ಶನಿವಾರ ಠಾಣೆ ಮೀಟಿಂಗಿಗೆ ಯಾರ್ಯಾರ್ ಬರ್ತೀರಿ?

ಅಡ್ಮಿನ್, 2ನೇ ಕ್ರಾಸ್:
ಎಲ್ಲರಿಗೂ ನಮಸ್ಕಾರ. ಗುಡ್ ಮಾರ್ನಿಂಗ್ ಹೂವು, ದೇವರ ಫೋಟೋ, ಅರಿಶಿನ ನೀರಿನ ಉಪಯೋಗ ಎಲ್ಲಾ ಶನಿವಾರದ ತನಕ ಸ್ವಲ್ಪ ತಡೀರಿ ದಯವಿಟ್ಟು. ಮೊನ್ನೆ ಸಂಜೆ ಏಳು ಗಂಟೆ ಹೊತ್ತಿಗೆ ಪಾರ್ಕ್ ಹಿಂದಿನ ರಸ್ತೇಲಿ 4ನೇ ಕ್ರಾಸ್ ಅಜ್ಜಿ ಕತ್ತಿಗೆ ಕೈ ಹಾಕಿ ಸರ ಎಳ್ಕೊಂಡ್ ಹೋಗಿದ್ದು ಎಲ್ಲರಿಗೂ ಗೊತ್ತಿದೆ, ಮೊಣಕೈ ತರಚಿದೆ, ಕತ್ತಲ್ಲಿ ಕೆಂಪಗೆ ಗೆರೆ ಎದ್ದಿದೆ, ಬಿಟ್ರೆ ಆರಾಮಾಗಿದಾರೆ. ಅದಕ್ಕೆ ಮುಂಚೆ ಅದೇ ರಸ್ತೇಲಿ ಬೈಕ್ ಪೆಟ್ರೋಲ್ ಕಳ್ಳತನ, ಪಿಜಿ ಹುಡುಗೀರ ಹಿಂದೆ ಗಾಡಿ ಓಡಿಸ್ಕೊಂಡ್ ಬರೋದು ಎಲ್ಲಾ ಆಗಿದೆ. ಈ ಶನಿವಾರ ನಮ್ಮ ಠಾಣೆಯಲ್ಲಿ ಮಾಸಿಕ ಜನಸಂಪರ್ಕ ಸಭೆ ಇದೆ. ಹೋಗೋಣ. ಆದ್ರೆ ಹೋದ ಸಲದ ಥರ ಒಬ್ಬರು ನಾಯಿ ಕಾಟ, ಇನ್ನೊಬ್ಬರು ಪಕ್ಕದ ಮನೆ ಪಾರ್ಕಿಂಗ್, ಮತ್ತೊಬ್ಬರು ಗಣೇಶನ ಮೈಕು ಅಂತ ಶುರು ಮಾಡಿ ಕೊನೆಗೆ ಟೀ ಕುಡ್ದು ಫೋಟೋ ತೆಗೆಸ್ಕೊಂಡ್ ಬರೋದಾದ್ರೆ ಬೇಡವೇ ಬೇಡ. ಏನ್ ಕೇಳ್ಬೇಕು ಅಂತ ಇಲ್ಲೇ ತೀರ್ಮಾನ ಮಾಡ್ಕೊಂಡ್ ಹೋಗೋಣ.

ಹಾಲಿನ ಬೂತ್ ಪಕ್ಕದ ಮನೆ:
ನಾನ್ ರೆಡಿ. ಕೇಳೋದೇನ್ ಸಾರ್, ಕ್ಯಾಮೆರಾ ಹಾಕ್ಸಿ ಅಷ್ಟೇ. ಎಲ್ಲಾ ಮನೆಯಿಂದ ಎರಡೆರಡು ಸಾವಿರ ಕಲೆಕ್ಟ್ ಮಾಡೋಣ.

ಮೇಷ್ಟ್ರು, 1ನೇ ಮೇನ್:
ನಾನು ಈ ಬಡಾವಣೆಗೆ ಸೈಟು ತಗೊಂಡು ಬಂದಾಗಿಂದ ಇಂಥ ಮೀಟಿಂಗು ನೋಡ್ತಾನೇ ಇದೀನಿ. 2013ರಲ್ಲಿ ಬೆಂಗಳೂರಲ್ಲಿ ಸಮುದಾಯ ಪೊಲೀಸಿಂಗ್ ಅಂತ ಬಂತು, ಏರಿಯಾ ಸುರಕ್ಷಾ ಮಿತ್ರ ಅಂತ ಸ್ವಯಂಸೇವಕರನ್ನ ಮಾಡಿದ್ರು. 2017ರಲ್ಲಿ ಹೊಸ ಬೀಟ್ ವ್ಯವಸ್ಥೆ ಅಂದ್ರು, ಒಂದೊಂದು ಏರಿಯಾಕ್ಕೆ ಒಬ್ಬೊಬ್ಬ ಪೇದೆ ಜವಾಬ್ದಾರಿ, ಅವನ ಜೊತೆ ಏರಿಯಾದ ಜನರ ಸಮಿತಿ. 2025ರ ಜುಲೈಲಿ ಮನೆ ಮನೆಗೆ ಪೊಲೀಸ್ ಅಂದ್ರು. ಹೆಸರು ಬದಲಾಗುತ್ತೆ, ನಾವು ಪ್ರತಿ ಸಲ ಹೊಸದಾಗಿ ಪರಿಚಯ ಹೇಳ್ಕೊಳೋದು. ಬರ್ತೀನಿ, ಬರಲ್ಲ ಅಂತಿಲ್ಲ, ಆದ್ರೆ ಚಪ್ಪಾಳೆ ಹೊಡ್ಯೋಕೆ ಬರಲ್ಲ.

5ನೇ ಕ್ರಾಸ್, ಹುಬ್ಬಳ್ಳಿಯವರು:
ಮೇಷ್ಟ್ರ ನೀವ್ ಹೇಳೂದು ಖರೇ ಐತಿ, ಆದ್ರ ಆ 2017ರ ಸಮಿತಿ ನಮ್ಮ ಏರಿಯಾಕ್ಕ ಐತೋ ಇಲ್ಲೋ ಅಂತ ಯಾರಾದ್ರೂ ಹೋಗಿ ಕೇಳ್ಯಾರೇನ್ರಿ? ಕಾಗದದ ಮ್ಯಾಲ ಇದ್ದೇ ಇರ್ತೈತಿ. ನಮ್ಮ ಹೆಸರೂ ಅದರಾಗ ಇದ್ರೂ ಇರಬಹುದು 😄

ಪಾರ್ಕ್ ಎದುರು, ಮಹಡಿ ಮನೆ:
ಒಂದ್ ನಿಮಿಷ, ಕ್ಯಾಮೆರಾಗೆ ಮುಂಚೆ ದಯವಿಟ್ಟು ಒಂದ್ಸಲ ಆ ರಸ್ತೆಗೆ ಸಂಜೆ ಹೋಗಿ ತಲೆ ಎತ್ತಿ ನೋಡಿ. ನಾನ್ ನಿನ್ನೆ ಹೋಗಿದ್ದೆ. ಹಿಂದಿನ ಗೇಟಿಂದ ರಾಜಕಾಲುವೆ ಮೋರಿ ತನಕ ಆರು ಕಂಬ. ಎರಡರಲ್ಲಿ ಲೈಟೇ ಇಲ್ಲ, ಬರೀ ಕೈ ಚಾಚ್ಕೊಂಡ್ ನಿಂತಿವೆ. ಇನ್ನು ಮೂರರಲ್ಲಿ ಬಲ್ಬ್ ಉರೀತಾ ಇದೆ, ಆದ್ರೆ ಹೊಂಗೆ ಮರ ಪೂರ್ತಿ ಮುಚ್ಕೊಂಡಿದೆ, ಬೆಳಕೆಲ್ಲಾ ಎಲೆ ಮೇಲೇ ಬೀಳುತ್ತೆ, ಮೇಲಿಂದ ನೋಡಿದ್ರೆ ಮರ ಹಸಿರಾಗಿ ಜಗಮಗ ಅಂತಿದೆ, ಕೆಳಗೆ ನನ್ನ ಚಪ್ಪಲಿ ನನಗೇ ಕಾಣಲ್ಲ. ಪಾಲಿಕೆ ಸಹಾಯವಾಣಿ 1533ಕ್ಕೆ ಕಂಪ್ಲೇಂಟ್ ಕೊಟ್ರೆ ಲೈನ್‌ಮನ್ ಬಂದು ನೋಡಿ "ಲೈಟ್ ಉರೀತಿದೆ" ಅಂತ ಕ್ಲೋಸ್ ಮಾಡ್ತಾರೆ, ಅವರ ಲೆಕ್ಕದಲ್ಲಿ ಸರಿನೇ. ಕೊಂಬೆ ಕಡಿಯೋಕೆ ಅವರಿಗೆ ಅಧಿಕಾರ ಇಲ್ಲ, ಅದಕ್ಕೆ ಪಾಲಿಕೆ ಅರಣ್ಯ ವಿಭಾಗದ ವೃಕ್ಷ ಅಧಿಕಾರಿ ಅನುಮತಿ ಬೇಕು. ಅಂದ್ರೆ ಒಂದು ಕತ್ತಲೆಗೆ ಎರಡು ಅರ್ಜಿ. ಇದನ್ನ ಪೊಲೀಸರ ಹತ್ರ ಹೇಳಿದ್ರೆ ಅವರೇನ್ ಮರ ಹತ್ತಲ್ಲ, ಆದ್ರೆ ಠಾಣೆಯಿಂದ ಪಾಲಿಕೆಗೆ "ಇಂಥ ಜಾಗದಲ್ಲಿ ಕತ್ತಲೆಯಿಂದ ಅಪರಾಧ ಆಗ್ತಿದೆ" ಅಂತ ಒಂದು ಪತ್ರ ಹೋದ್ರೆ ನಮ್ಮ ಹತ್ತು ಫೋನಿಗಿಂತ ತೂಕ ಜಾಸ್ತಿ. ಆ ಪತ್ರ ಬೇಕು ಅಂತ ಕೇಳೋಣ.

ಹಾಲಿನ ಬೂತ್ ಪಕ್ಕದ ಮನೆ:
ಲೈಟ್ ಒಪ್ಪಿದೆ. ಕ್ಯಾಮೆರಾನೂ ಬೇಕು. ನೋಡಿ ಈ ಹುಡುಗ ದಿನಾ ಸಂಜೆ ಮೋರಿ ಹತ್ರ ಬೈಕ್ ನಿಲ್ಸ್ಕೊಂಡ್ ಕೂತಿರ್ತಾನೆ, ಮುಖ ನೋಡಿದ್ರೇ ಈ ಕಡೆಯವನಲ್ಲ ಅಂತ ಗೊತ್ತಾಗುತ್ತೆ. ನಂಬರ್ ಪ್ಲೇಟೂ ಬಂದಿದೆ. ಎಲ್ಲಾ ಗ್ರೂಪಿಗೂ ಫಾರ್ವರ್ಡ್ ಮಾಡಿ 🙏
[ಫೋಟೋ]

ಪಿಜಿ 3ನೇ ಮಹಡಿ:
ಅಂಕಲ್ ಅವ್ನು ಡೆಲಿವರಿ ಹುಡುಗ. ಆರ್ಡರ್ ಬರೋ ತನಕ ಅಲ್ಲಿ ನೆರಳಲ್ಲಿ ಕಾಯ್ತಾನೆ ಅಷ್ಟೇ. ನಮ್ ಪಿಜಿಗೆ ವಾರದಲ್ಲಿ ನಾಲ್ಕು ದಿನ ಅವ್ನೇ ಊಟ ತರೋದು. ಸರ ಕಿತ್ತಾಗ ಬೈಕಲ್ಲಿ ಇದ್ದಿದ್ದು ಇಬ್ರು ಅಂತ ಅಜ್ಜಿನೇ ಹೇಳಿದಾರಲ್ಲ.

ಪಾರ್ಕ್ ಎದುರು, ಮಹಡಿ ಮನೆ:
ಅಡ್ಮಿನ್ ಈ ಫೋಟೋ ಈಗಲೇ ತೆಗೀರಿ. ನಾನು ಕೋಪದಲ್ಲಿ ಹೇಳ್ತಿಲ್ಲ, ಭಯದಲ್ಲಿ ಹೇಳ್ತಿದೀನಿ. 2018ರ ಮೇ ತಿಂಗಳು ಚಾಮರಾಜಪೇಟೆ ಪೆನ್ಷನ್ ಮೊಹಲ್ಲಾದಲ್ಲಿ ಏನಾಯ್ತು ಮರ್ತೋಯ್ತಾ? ಮಕ್ಕಳ ಕಳ್ಳರು ಬಂದಿದಾರೆ ಅಂತ ವಾಟ್ಸಾಪಲ್ಲಿ ಹರಿದಾಡ್ತಿತ್ತು, ಕೆಲಸ ಹುಡ್ಕೊಂಡ್ ಬಂದಿದ್ದ ರಾಜಸ್ಥಾನದ ಹುಡುಗನ್ನ ಕೈಕಾಲು ಕಟ್ಟಿ ಹೊಡ್ದು ಸಾಯಿಸಿದ್ರು. ಅದೇ ವರ್ಷ ಜುಲೈಲಿ ಬೀದರ್ ಜಿಲ್ಲೆ ಮುರ್ಕಿಯಲ್ಲಿ ಹೈದರಾಬಾದಿಂದ ಬಂದಿದ್ದ ಟೆಕ್ಕಿನ, ಜೊತೆಯವರು ಮಕ್ಕಳಿಗೆ ಚಾಕಲೇಟ್ ಕೊಟ್ರು ಅಂತ, ಕಾರ್ ಫೋಟೋ ಮುಂದಿನೂರಿಗೆ ವಾಟ್ಸಾಪಲ್ಲಿ ಹೋಗಿ ಅಲ್ಲಿ ಅಡ್ಡ ಹಾಕಿ ಕೊಂದ್ರು. ಫಾರ್ವರ್ಡ್ ಐದೇ ಜನಕ್ಕೆ ಅಂತ ಕಂಪನಿ ಮಿತಿ ಹಾಕಿದ್ದೇ ಆ ಜುಲೈಲಿ. ಸಂಶಯ ಬಂದ್ರೆ 112ಕ್ಕೆ ಫೋನ್ ಮಾಡಿ, ಹೊಯ್ಸಳ ಗಸ್ತು ಗಾಡಿ ಬರುತ್ತೆ, ಅವರು ವಿಚಾರಿಸ್ತಾರೆ. ನಂಬರ್ ಪ್ಲೇಟ್ ಅವರಿಗೆ ಕೊಡಿ, ಇನ್ನೂರೈವತ್ತು ಮನೆಗೆ ಕೊಡೋದಲ್ಲ.

ಅಡ್ಮಿನ್, 2ನೇ ಕ್ರಾಸ್:
ತೆಗ್ದಿದೀನಿ. ಇನ್ಮೇಲೆ ಗ್ರೂಪಲ್ಲಿ ಯಾರ ಮುಖದ ಫೋಟೋನೂ ಬೇಡ.

ಹಾಲಿನ ಬೂತ್ ಪಕ್ಕದ ಮನೆ:
ಸರಿ ತೆಗೀರಿ, ಆದ್ರೆ ನನ್ನ ಪ್ರಶ್ನೆ ಹಾಗೇ ಇದೆ. ಎಲ್ಲಾ ಪೊಲೀಸಿಗೇ ಬಿಟ್ರೆ ಅವರು ಬರೋದು ಯಾವಾಗ? ನಾವೇ ನಾಲ್ಕು ಜನ ಹುಡುಗರು ಲಾಠಿ ಸೀಟಿ ಹಿಡ್ಕೊಂಡ್ ರಾತ್ರಿ ರೌಂಡ್ಸ್ ಹಾಕಿದ್ರೆ ತಪ್ಪೇನು, ಹಳ್ಳೀಲಿ ಹಾಕ್ತಿರ್ಲಿಲ್ವಾ?

ಮೇಷ್ಟ್ರು, 1ನೇ ಮೇನ್:
ಸೀಟಿ ಇರ್ಲಿ, ಲಾಠಿ ಬೇಡ. ತಮಿಳುನಾಡಲ್ಲಿ 1993ರಲ್ಲಿ ರಾಮನಾಥಪುರದಲ್ಲಿ ಫ್ರೆಂಡ್ಸ್ ಆಫ್ ಪೊಲೀಸ್ ಅಂತ ಶುರುವಾಯ್ತು, ಉದ್ದೇಶ ಒಳ್ಳೇದೇ, ಜನ ಪೊಲೀಸರ ಜೊತೆ ಕೈ ಜೋಡಿಸೋದು. ಹೋಗ್ತಾ ಹೋಗ್ತಾ ಕೆಲವು ಕಡೆ ಠಾಣೆ ಹುಡುಗರಾಗ್ಬಿಟ್ರು. 2020ರಲ್ಲಿ ಸಾತಾನ್‌ಕುಳಂ ಠಾಣೆಯಲ್ಲಿ ಅಪ್ಪ ಮಗನಿಗೆ ಹೊಡೆದು ಇಬ್ಬರೂ ಸತ್ತರಲ್ಲ, ಆಗ ಇವರ ಹೆಸರೂ ಆರೋಪದಲ್ಲಿ ಕೇಳಿಬಂತು, ಸರ್ಕಾರ ಆ ವ್ಯವಸ್ಥೆಯನ್ನೇ ನಿಷೇಧ ಮಾಡ್ತು. ಸಮಿತಿ ಮೆಂಬರ್ ಅಂದ್ರೆ ಅರ್ಧ ಪೊಲೀಸ್ ಅಂತ ಯಾರಾದ್ರೂ ಅಂದ್ಕೊಂಡ ದಿನ ಆ ಸಮಿತಿ ಮುಚ್ಚೋದೇ ವಾಸಿ.

ಕಾಸರಗೋಡಿನವರು, ಫ್ಲಾಟ್ 204:
ನಮ್ಮ ಊರಲ್ಲಿ ಜನಮೈತ್ರಿ ಅಂತ ಉಂಟು ಮಾರಾಯ್ರೆ, ಕೇರಳದಲ್ಲಿ 2008ರಲ್ಲಿ 20 ಠಾಣೆಯಲ್ಲಿ ಸುರು ಮಾಡಿದ್ದು. ಅದರಲ್ಲಿ ಒಂದು ಸಂಗತಿ ನನಗೆ ಭಾರೀ ಇಷ್ಟ, ಬೀಟಿನ ಪೊಲೀಸ್ ಮನೆಗೇ ಬರ್ತಾರೆ. ಕಳ್ಳತನ ಆದ ಮೇಲೆ ಅಲ್ಲ, ಸುಮ್ಮನೆ. ಜಗಲಿಯಲ್ಲಿ ಕೂತು ಒಬ್ಬರೇ ಇರುವ ವಯಸ್ಸಾದವರು ಯಾರಿದ್ದಾರೆ, ಯಾವ ಮನೆ ಬೀಗ ಹಾಕಿ ಉಂಟು ಅಂತ ಕೇಳಿಕೊಂಡು ಹೋಗ್ತಾರೆ. ನನ್ನ ಅಮ್ಮನಿಗೆ ಅವರ ಹೆಸರು ಗೊತ್ತುಂಟು, ಅವರಿಗೆ ಅಮ್ಮನ ಮಂಡಿ ನೋವು ಗೊತ್ತುಂಟು. ಎಲ್ಲ ಕಡೆ ಹೀಗೆಯೇ ನಡೀತದೆ ಅಂತ ನಾನು ಹೇಳುದಿಲ್ಲ, ಸಮಿತಿಯಲ್ಲಿ ಪಾರ್ಟಿಯವರು ಹೊಕ್ಕರೆ ಅಲ್ಲಿಯೂ ಕತೆ ಅಷ್ಟೇ.

5ನೇ ಕ್ರಾಸ್, ಹುಬ್ಬಳ್ಳಿಯವರು:
ಮನೆ ಮನೆಗೆ ಪೊಲೀಸ್ ಅಂದ್ರ ಅದೇ ಅಲ್ರೀ ಮತ್ತ? 40-50 ಮನಿ ಒಂದು ಗುಂಪು ಮಾಡಿ ಪೊಲೀಸ್ನೋರ ಮನಿಗೆ ಬಂದು ಭೇಟಿ ಆಗೂದು ಅಂತ ಪೇಪರ್‌ನಾಗ ಓದೇನಿ. ನಮ್ಮ ಮನಿಗಂತೂ ಇನ್ನೂ ಯಾರೂ ಬಂದಿಲ್ಲ. ಬಂದ್ರ ಚಾ ಮಾಡಿ ಕೊಡ್ತೇನಿ.

ಪಾರ್ಕ್ ಎದುರು, ಮಹಡಿ ಮನೆ:
ಇದೇ ಕೇಳ್ಬೇಕು ನೋಡಿ. ಭದ್ರತೆ ಹೆಚ್ಚಿಸಿ, ಗಸ್ತು ಬಿಗಿ ಮಾಡಿ ಅಂತ ಕೇಳಿದ್ರೆ "ಖಂಡಿತ ಮಾಡ್ತೀವಿ ಮೇಡಂ" ಅಂತಾರೆ, ಮುಗೀತು, ಮುಂದಿನ ತಿಂಗಳು ಮಾಡಿದ್ರೋ ಇಲ್ವೋ ನಾವ್ ಹೇಗ್ ಹೇಳೋದು? ಪರೀಕ್ಷೆ ಮಾಡೋಕಾಗೋ ಅಂಥದ್ದು ಕೇಳ್ಬೇಕು. ನಮ್ಮ ಬೀಟ್ ಯಾವ್ದು, ಬೀಟ್ ಪೊಲೀಸ್ ಯಾರು, ಆ ಸಮಿತಿ ಪಟ್ಟಿಯಲ್ಲಿ ನಮ್ಮ ಬಡಾವಣೆಯಿಂದ ಯಾರ ಹೆಸರಿದೆ, ನಮ್ಮ 40-50 ಮನೆ ಗುಂಪಿಗೆ ಯಾವ ದಿನ ಬರ್ತಾರೆ. ಪಟ್ಟಿಯಲ್ಲಿ ಬರೀ ಹಳೇ ಕಾರ್ಪೊರೇಟರ್ ಕಡೆಯವರು, ಅಂಗಡಿ ಮಾಲೀಕರು ಇದ್ರೆ ಪಿಜಿಯಿಂದ ಒಬ್ಬಳು, ಮನೆಕೆಲಸದವರಲ್ಲಿ ಒಬ್ಬರು, ಪಾರ್ಕ್ ಹಿಂದಿನ ಶೆಡ್‌ನಲ್ಲಿರೋ ಕಟ್ಟಡ ಕೆಲಸದವರಲ್ಲಿ ಒಬ್ಬರು ಬೇಕು ಅಂತ ಹೇಳೋಣ. ರಾತ್ರಿ ಹತ್ತಕ್ಕೆ, ಬೆಳಗ್ಗೆ ಐದಕ್ಕೆ ಆ ರಸ್ತೇಲಿ ನಡೆಯೋರು ಅವರು, ನಾವಲ್ಲ. ಮುಂಬೈ ಹತ್ರದ ಭಿವಂಡಿ ಗೊತ್ತಲ್ಲ, 1970, 1984ರಲ್ಲಿ ಗಲಭೆಯಲ್ಲಿ ಸುಟ್ಟು ಹೋದ ಊರು. 1988ರಲ್ಲಿ ಸುರೇಶ್ ಖೋಪಡೆ ಅಂತ ಡಿಸಿಪಿ ಬಂದು ಮೊಹಲ್ಲಾ ಸಮಿತಿ ಮಾಡಿದ್ರು, ಲೀಡರ್‌ಗಳನ್ನ ಪಕ್ಕಕ್ಕಿಟ್ಟು ಎರಡೂ ಕಡೆಯ ಸಾಮಾನ್ಯ ಜನರನ್ನ ಕೂರಿಸಿದ್ರು. 1992-93ರಲ್ಲಿ ಮುಂಬೈ ಹತ್ತಿ ಉರಿದಾಗ ಭಿವಂಡಿ ತಣ್ಣಗಿತ್ತು. ನಮ್ಮದು ಗಲಭೆ ವಿಷ್ಯ ಅಲ್ಲ, ಆದ್ರೆ ಸಮಿತೀಲಿ ಯಾರ್ ಕೂರ್ತಾರೆ ಅನ್ನೋದ್ರ ಮೇಲೇ ಎಲ್ಲಾ ನಿಂತಿರುತ್ತೆ.

ಪಿಜಿ 3ನೇ ಮಹಡಿ:
ನಾನ್ ಬರ್ತೀನಿ ಆಂಟಿ. ಶನಿವಾರ ಆಫೀಸ್ ರಜೆ. ಆದ್ರೆ ಒಂದ್ ಪ್ರಶ್ನೆ, ನಮ್ ಹಿಂದೆ ಗಾಡಿ ಓಡಿಸ್ಕೊಂಡ್ ಬಂದಿದ್ದಕ್ಕೆ ಕಂಪ್ಲೇಂಟ್ ಕೊಡೋಕ್ ಹೋದಾಗ ಅದು ನಮ್ ಲಿಮಿಟ್ ಅಲ್ಲ, ಮೋರಿ ಆಚೆ ಬೇರೆ ಠಾಣೆ ಅಂದ್ರು. ಆಚೆ ಠಾಣೆಯವರು ಈಚೆ ಅಂದ್ರು. ನಾವ್ ಸುಮ್ನೆ ವಾಪಸ್ ಬಂದ್ವಿ.

ಲಾಯರ್, 3ನೇ ಕ್ರಾಸ್:
ಅದು ಹಾಗೆ ಹೇಳೋ ಹಾಗಿಲ್ಲ. 2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ ಬದಲು ಬಿಎನ್‌ಎಸ್‌ಎಸ್ ಜಾರಿಯಲ್ಲಿದೆ, ಅದರ 173ನೇ ಸೆಕ್ಷನ್ ಪ್ರಕಾರ ಸಂಜ್ಞೇಯ ಅಪರಾಧ (ಪೊಲೀಸರು ವಾರಂಟ್ ಇಲ್ಲದೇ ಬಂಧಿಸಬಹುದಾದ್ದು) ಎಲ್ಲಿ ನಡೆದಿದ್ರೂ ಯಾವ ಠಾಣೆಯಲ್ಲಾದ್ರೂ ಮಾಹಿತಿ ತಗೋಬೇಕು, ಜೀರೋ ಎಫ್‌ಐಆರ್ ಅಂತಾರಲ್ಲ ಅದೇ. ಪ್ರತಿ ಉಚಿತವಾಗಿ ಕೊಡಬೇಕು. ತಗೊಳಲ್ಲ ಅಂದ್ರೆ ಬರವಣಿಗೆಯಲ್ಲಿ ಮೇಲಧಿಕಾರಿಗೆ ಕಳಿಸಬಹುದು, ಅಲ್ಲೂ ಆಗದಿದ್ರೆ ಮ್ಯಾಜಿಸ್ಟ್ರೇಟ್. ಅಜ್ಜಿ ಕೇಸಿನಲ್ಲಿ ಎಫ್‌ಐಆರ್ ಆಗಿದ್ಯಾ ಇಲ್ಲಾ ಬರೀ ಸ್ವೀಕೃತಿ ಚೀಟಿ ಕೊಟ್ಟು ಕಳ್ಸಿದಾರಾ ನೋಡಿ. ಕಿತ್ತುಕೊಂಡು ಓಡೋದಕ್ಕೆ ಹೊಸ ದಂಡ ಸಂಹಿತೆ ಬಿಎನ್‌ಎಸ್‌ನಲ್ಲಿ 304 ಅಂತ ಪ್ರತ್ಯೇಕ ಸೆಕ್ಷನ್ನೇ ಇದೆ, ಹಳೇ ಐಪಿಸಿಯಲ್ಲಿ ಇರ್ಲಿಲ್ಲ. ಬರೀ ಕಳ್ಳತನ ಅಂತ ಬರೆದಿದ್ರೆ ಕೇಳಿ.

ಅಡ್ಮಿನ್, 2ನೇ ಕ್ರಾಸ್:
ಚೀಟಿ ಮಾತ್ರ ಕೊಟ್ಟಿದಾರೆ ಸಾರ್, ಮಗ ಫೋಟೋ ಕಳ್ಸಿದಾರೆ, ಪರ್ಸನಲ್ ಆಗಿ ಹಾಕ್ತೀನಿ.

ಲಾಯರ್, 3ನೇ ಕ್ರಾಸ್:
ಹಾಗಿದ್ರೆ ಶನಿವಾರದ ತನಕ ಕಾಯ್ಬೇಡಿ. ಇವತ್ತೇ ಅವರ ಮಗನ ಜೊತೆ ನಾನು ಹೋಗ್ತೀನಿ. ಇದನ್ನ ಜನಸಂಪರ್ಕ ಸಭೆಯಲ್ಲಿ ಎತ್ತೋ ಪ್ರಶ್ನೆಯಾಗಿ ಇಡೋದೇ ಬೇಡ.

ಹಾಲಿನ ಬೂತ್ ಪಕ್ಕದ ಮನೆ:
ಕ್ಯಾಮೆರಾ ವಿಷ್ಯ ಯಾರೂ ಮಾತಾಡ್ತಿಲ್ಲ.

ಕಾಸರಗೋಡಿನವರು, ಫ್ಲಾಟ್ 204:
ಮಾತಾಡುವ. ಮೋರಿ ಪಕ್ಕದ ಕಲ್ಯಾಣ ಮಂಟಪದ ಗೇಟಿನಲ್ಲಿ ಕ್ಯಾಮೆರಾ ಉಂಟಲ್ಲ, ರಸ್ತೆ ಕಡೆಗೇ ಮುಖ. ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಪ್ರಕಾರ ಜನ ಜಾಸ್ತಿ ಸೇರುವ ಅಂಥ ಜಾಗದವರು ಕ್ಯಾಮೆರಾ ಹಾಕಿ 30 ದಿನದ ರೆಕಾರ್ಡಿಂಗ್ ಇಟ್ಟುಕೊಳ್ಳಬೇಕು. ಘಟನೆ ಆಗಿ ಮೂರು ದಿನ ಅಷ್ಟೇ, ಪೊಲೀಸರು ಈಗಲೇ ಕೇಳಿದರೆ ಸಿಗ್ತದೆ. ನಾವು ಹೊಸ ಕ್ಯಾಮೆರಾಕ್ಕೆ ದುಡ್ಡು ಹಾಕಿದರೂ ಕತ್ತಲಲ್ಲಿ ಅದಕ್ಕೆ ಕಾಣುದು ಹೆಡ್‌ಲೈಟ್ ಮಾತ್ರ. ಮೊದಲು ಲೈಟ್.

ಹಾಲಿನ ಬೂತ್ ಪಕ್ಕದ ಮನೆ:
ಓಕೆ ಮೊದಲು ಲೈಟ್. ಆದ್ರೆ ಎರಡು ತಿಂಗಳಲ್ಲಿ ಏನೂ ಆಗ್ಲಿಲ್ಲ ಅಂದ್ರೆ ನಾನ್ ಕಲೆಕ್ಷನ್ ಶುರು ಮಾಡ್ತೀನಿ, ಆಗ ಯಾರೂ ಇಲ್ಲ ಅನ್ಬಾರ್ದು.

ಮೇಷ್ಟ್ರು, 1ನೇ ಮೇನ್:
ಒಪ್ಪಿಗೆ. ಅರ್ಜಿ ನಾನ್ ಬರೀತೀನಿ, ಒಂದು ಪುಟ ದಾಟಲ್ಲ. ಎರಡು ಪ್ರತಿ, ಒಂದರ ಮೇಲೆ ಠಾಣೆ ಸೀಲು ಹಾಕಿಸ್ಕೊಂಡ್ ಬರ್ಬೇಕು. ಸಭೆಯಲ್ಲಿ ಅವರು ಏನ್ ಒಪ್ಕೊಂಡ್ರು ಅನ್ನೋದನ್ನ ಅವತ್ತೇ ಬರ್ದು ಈ ಗ್ರೂಪಲ್ಲಿ ಹಾಕೋಣ, ಮುಂದಿನ ತಿಂಗಳ ಸಭೆಗೆ ಅದೇ ಕಾಗದ ಹಿಡ್ಕೊಂಡ್ ಹೋಗೋಣ. ಇನ್ಸ್‌ಪೆಕ್ಟರ್ ವರ್ಗ ಆದ್ರೂ ಕಾಗದ ವರ್ಗ ಆಗಲ್ಲ.

5ನೇ ಕ್ರಾಸ್, ಹುಬ್ಬಳ್ಳಿಯವರು:
ಬೀಟ್ ಪೊಲೀಸ್ನೋರ ಮ್ಯಾಲ ಸಿಟ್ಟು ತಗೀಬ್ಯಾಡ್ರಿ ಮತ್ತ. ಬಂದೋಬಸ್ತ್, ಕೋರ್ಟು, ಸಮನ್ಸು, ವಿಐಪಿ ಎಲ್ಲಾ ಅವರ ಮ್ಯಾಲ. ಮೊನ್ನೆ ಒಬ್ಬಾವ ನಮ್ಮ ಗೇಟಿನ ಹತ್ರ ನಿಂತು ಬಾಟ್ಲಿ ನೀರು ಕುಡಿಯಾಕತ್ತಿದ್ದ, ಊಟ ಆತೇನಪಾ ಅಂದ್ರ ಇನ್ನೂ ಇಲ್ರಿ ಅಂದ, ಮಧ್ಯಾಹ್ನ ನಾಕು ಗಂಟೆ ಆಗಿತ್ತು.

ಪಾರ್ಕ್ ಎದುರು, ಮಹಡಿ ಮನೆ:
ಖಂಡಿತ ಇಲ್ಲ. ಅವರ ಹೆಸರು ಕೇಳ್ತಿರೋದು ಬೈಯೋಕಲ್ಲ, ಕರೆಯೋಕೆ. ಮೇಷ್ಟ್ರೇ, ಅರ್ಜೀಲಿ ಕಂಬದ ನಂಬರ್ ಹಾಕ್ಲೇಬೇಕು, ಇಲ್ಲಾಂದ್ರೆ ಯಾವ ಕಂಬ ಅಂತ ಕೇಳ್ಕೊಂಡೇ ತಿಂಗಳು ಕಳೀತಾರೆ. ನಾಲ್ಕರದ್ದು ಬರ್ಕೊಂಡಿದೀನಿ, ಎರಡರಲ್ಲಿ ಪೇಂಟ್ ಅಳಿಸೋಗಿದೆ, ಅದಕ್ಕೆ ಎದುರು ಮನೆ ನಂಬರ್ ಹಾಕಿ. ಮರದ್ದು ಪಾಲಿಕೆಗೆ ಬೇರೆ ಅರ್ಜಿ, ಅದು ನನಗಿರ್ಲಿ.

ಅಡ್ಮಿನ್, 2ನೇ ಕ್ರಾಸ್:
ಶನಿವಾರ ಬರೋರು ಇಲ್ಲೀವರೆಗೆ: ಮೇಷ್ಟ್ರು, ಮಹಡಿ ಮನೆ ಮೇಡಂ, ಪಿಜಿಯಿಂದ ಒಬ್ರು, ಹಾಲಿನ ಬೂತ್ ಸಾರ್, 204, ನಾನು. ಮಾತಾಡೋದು ಮಹಡಿ ಮನೆ ಮೇಡಂ ಒಬ್ಬರೇ, ಉಳಿದೋರು ಕೇಳಿದ್ರೆ ಮಾತ್ರ. ಶೆಡ್ ಕಡೆಯಿಂದ ಯಾರಾದ್ರೂ ಬರ್ತಾರಾ ಅಂತ ನಾನೇ ಹೋಗಿ ಕೇಳ್ತೀನಿ, ಅವರಿಗೆ ಅರ್ಧ ದಿನದ ಕೂಲಿ ಹೋಗುತ್ತೆ, ಅದನ್ನ ಸಂಘದಿಂದ ಕೊಡೋಣ ಅಂತ ಇದೀನಿ, ಯಾರಿಗಾದ್ರೂ ಆಕ್ಷೇಪಣೆ ಇದ್ರೆ ಈಗ್ಲೇ ಹೇಳಿ.

ಹಾಲಿನ ಬೂತ್ ಪಕ್ಕದ ಮನೆ:
ಆಕ್ಷೇಪಣೆ ಇಲ್ಲ. ನಾಯಿ ವಿಷ್ಯ ಒಂದೇ ಒಂದ್ ಲೈನ್ ಸೇರಿಸ್ಬಹುದಾ?

ಮೇಷ್ಟ್ರು, 1ನೇ ಮೇನ್:
ಇಲ್ಲ.