ಹಳೇ ಗೋದಾಮಿನ ಲಾಫ್ಟ್ ಮನೆ ಕೊಳ್ಳಬಹುದಾ? ಇದ್ದವರು ಹೇಳಿ

ಹೊಸಗೂಡು
ನಗರದ ಹಳೇ ಭಾಗದಲ್ಲಿ ಬಟ್ಟೆ ಗೋದಾಮಾಗಿದ್ದ ಕಟ್ಟಡವನ್ನು ಮನೆಗಳಾಗಿ ಮಾಡಿದ್ದಾರೆ. ಮೂರನೇ ಮಹಡಿಯ ಲಾಫ್ಟ್, ಅಂದರೆ ಗೋದಾಮಿನ ದೊಡ್ಡ ಹಾಲನ್ನೇ ಮನೆ ಮಾಡಿದ್ದು, ನೋಡಿ ಬಂದೆವು. ಎತ್ತರದ ಚಾವಣಿ, ಬೀಡು ಕಬ್ಬಿಣದ ಕಂಬ, ಬರೀ ಇಟ್ಟಿಗೆಯ ಗೋಡೆ, ಆಳೆತ್ತರದ ಕಿಟಕಿ. ನಮ್ಮ ಯಜಮಾನರಿಗೆ ತುಂಬಾ ಹಿಡಿಸಿದೆ. ನನಗೆ ಚಳಿ ಮತ್ತು ಸದ್ದಿನ ಚಿಂತೆ. ಎರಡು ವರ್ಷದ ಮಗು ಇದೆ. ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದೆ, ಹಾಗಾಗಿ ಹೊರಗಡೆ ಏನೂ ಮುಟ್ಟುವಂತಿಲ್ಲ. ಅನುಭವ ಇದ್ದವರು ಹೇಳ್ತೀರಾ?

ಕಿಟಕಿಮನೆ
ಕೊಳ್ಳಿ, ಎರಡು ಮಾತಿಲ್ಲ. ನಾವು ಕೊಂಡಾಗ ಗೋದಾಮಿನಲ್ಲಿ ಯಾರಾದರೂ ಸಂಸಾರ ಮಾಡುತ್ತಾರಾ ಅಂತ ನೆಂಟರೆಲ್ಲ ಕೇಳಿದರು. ಬೆಳಗಿನ ಬಿಸಿಲು ನಮ್ಮ ನೆಲದ ಮೇಲೆ ಎಷ್ಟು ದೂರ ಬರುತ್ತದೆ ಅಂತ ನೋಡಿದ ಮೇಲೆ ಯಾರೂ ಕೇಳಿಲ್ಲ. ವಿದ್ಯುತ್ ದೀಪ ಇಲ್ಲದ ಕಾಲದಲ್ಲಿ ಹಗಲು ಬೆಳಕಲ್ಲೇ ಕೆಲಸ ಆಗಬೇಕಿತ್ತು. ಅದಕ್ಕೇ ಅಷ್ಟು ದೊಡ್ಡ ಕಿಟಕಿ ಇಟ್ಟರು. ಇವತ್ತು ಹಾಗೆ ಯಾರೂ ಕಟ್ಟುವುದಿಲ್ಲ.

ಚಳಿ ಇದೆ, ಇಲ್ಲ ಅನ್ನುವುದಿಲ್ಲ. ಈಗಿನ ಒಳ್ಳೆಯ ಜೋಡಿ ಗಾಜಿಗೆ ಹೋಲಿಸಿದರೆ ಒಂಟಿ ಗಾಜಿನಲ್ಲಿ ಮೂರು ನಾಲ್ಕು ಪಟ್ಟು ಶಾಖ ಹೊರಗೆ ಹೋಗುತ್ತದೆ. ಕಿಟಕಿ ಬದಲಿಸಲು ಅನುಮತಿ ಸಿಗಲಿಲ್ಲ. ಹಳೇ ಚೌಕಟ್ಟು ಹಾಗೇ ಬಿಟ್ಟು ಒಳಗಡೆ ಇನ್ನೊಂದು ಗಾಜು ಹಾಕಿಸಿದೆವು. ಶಾಖ ತಡೆಯಲು ಮಧ್ಯೆ 20 ಮಿಲಿಮೀಟರ್ ಅಂತರ ಸಾಕು. ರಸ್ತೆ ಸದ್ದಿಗೆ 100 ಮಿಲಿಮೀಟರ್ ಅಥವಾ ಜಾಸ್ತಿ ಬೇಕು. ಒಳಗಿನ ಗಾಜು ಬಿಗಿಯಾಗಿರಬೇಕು, ಹೊರಗಿನದ್ದರಲ್ಲಿ ಚೂರು ಗಾಳಿ ಆಡಬೇಕು. ನಮ್ಮ ಕಂಟ್ರಾಕ್ಟರ್ ಎರಡಕ್ಕೂ ಸಿಲಿಕೋನ್ ಬಳಿದು ಹೋದ. ಮಧ್ಯೆ ಬೆವರಿ ಹಳೇ ಮರದ ಮೇಲೆ ನೀರು ನಿಂತಿತು. ಬಿಚ್ಚಿಸಿ ಮತ್ತೆ ಹಾಕಿಸಲು ಮೊದಲ ಬಿಲ್ಲಿನ ಮೂರರಲ್ಲೊಂದು ಭಾಗ ಹೆಚ್ಚಿಗೆ ಹೋಯಿತು. ಒಂದು ಕಿಟಕಿಯ ಅಳತೆ ಇನ್ನೊಂದಕ್ಕಿಲ್ಲ. ಎಲ್ಲ ಗಾಜೂ ಬೇರೆ ಬೇರೆ ಆರ್ಡರ್. ಆದರೂ ಇನ್ನೊಮ್ಮೆ ಕೊಳ್ಳು ಅಂದರೆ ಇದನ್ನೇ ಕೊಳ್ಳುತ್ತೇನೆ.

ಕೆಳಗಿನ ಕಿವಿ
ಕಿಟಕಿಮನೆಯವರು ಇರುವುದು ಕೊನೇ ಮಹಡಿಯಲ್ಲಿ ಅಲ್ವಾ? ಅದನ್ನೂ ಹೇಳಬೇಕಿತ್ತು. ನಮ್ಮ ತಲೆ ಮೇಲೆ ಒಂದು ಸಂಸಾರ ಇದೆ.

ಈ ಕಟ್ಟಡಗಳಲ್ಲಿ ದಪ್ಪ ತೊಲೆ, ಅದರ ಮೇಲೆ ನೇರವಾಗಿ ದಪ್ಪ ಹಲಗೆ. ಬೆಂಕಿ ಬಿದ್ದರೆ ಮೇಲ್ಮೈ ಕರಕಲಾಗಿ ಒಳಗಿನ ಮರ ನಿಧಾನಕ್ಕೆ ಉರಿಯಲಿ ಅಂತ ಹಾಗೆ ಮಾಡಿದ್ದು. ಸರಕು ಇಡಲು ಭದ್ರ. ಹೆಜ್ಜೆ ಸದ್ದಿಗೆ ಮಾತ್ರ ತಡೆಯೇ ಇಲ್ಲ. ಮೇಲೆ ಕುರ್ಚಿ ಎಳೆದರೆ ನಮ್ಮ ಹಾಸಿಗೆಯಲ್ಲಿ ಕೇಳುತ್ತದೆ. ತಜ್ಞರನ್ನು ಕರೆಸಿದೆ. ಬಡಿತದ ಸದ್ದನ್ನು ಹುಟ್ಟುವ ಕಡೆಯೇ, ಅಂದರೆ ಮೇಲಿನವರ ನೆಲಹಾಸಿನ ಕೆಳಗೆ, ರಬ್ಬರ್ ಹಾಕಿ ತಡೆಯಬೇಕು ಅಂದರು. ಮೇಲಿನವರಿಗೆ ಅವರ ಹಳೇ ಹಲಗೆ ನೆಲವೇ ಪ್ರಾಣ. ಒಪ್ಪಲಿಲ್ಲ. ನಾನು ಖರ್ಚು ಕೊಡುತ್ತೇನೆ ಅಂದರೂ ಒಪ್ಪಲಿಲ್ಲ.

ಕೊನೆಗೆ ಮಲಗುವ ಕೋಣೆಗೆ ಮಾತ್ರ ಸ್ಪ್ರಿಂಗ್ ಕ್ಲಿಪ್‌ನಲ್ಲಿ ತೂಗುವ ಸೀಲಿಂಗ್, ಮೇಲೆ ಸದ್ದು ಹೀರುವ ಕಲ್ಲುಣ್ಣೆ (ರಾಕ್ ವುಲ್), ಎರಡು ಪದರ ಜಿಪ್ಸಂ ಹಲಗೆ. ಆ ಕೋಣೆಯಲ್ಲಿ ಯಾವ ತೊಲೆ ನೋಡಿ ಮನೆ ಕೊಂಡೆನೋ ಆ ತೊಲೆ ಮುಚ್ಚಿಹೋಯಿತು. ಮಾತು ಕೇಳುವುದು ನಿಂತಿತು. ಧಪ್ ಧಪ್ ಇನ್ನೂ ಇದೆ.

ಹಳೇ ಗಾರೆ
ಕಿಟಕಿ ಬಿಡಿ, ಗೋಡೆ ನೋಡಿ. ಎಲ್ಲರೂ ಬರೀ ಇಟ್ಟಿಗೆ ಅಂತ ಮರುಳಾಗುತ್ತಾರೆ. ಎಷ್ಟೋ ಗೋದಾಮುಗಳ ಒಳಗೋಡೆಗೆ ಮೊದಲು ಸುಣ್ಣ ಬಳಿದಿರುತ್ತಿತ್ತು. ಮನೆ ಮಾಡುವಾಗ ಮರಳು ಊದಿ ಕೆರೆದು ಇಟ್ಟಿಗೆ ತೋರಿಸುತ್ತಾರೆ. ಸುಟ್ಟ ಇಟ್ಟಿಗೆಯ ಗಟ್ಟಿ ಚರ್ಮ ಅದರಲ್ಲೇ ಹೋಗುತ್ತದೆ. ನಮ್ಮ ಮನೆಯಲ್ಲಿ ಸೋಫಾ ಹಿಂದೆ ದಿನಾ ಕೆಂಪು ಪುಡಿ ಉದುರುತ್ತಿತ್ತು. ಹಿಂದಿನ ಮಾಲೀಕರು ಸಂದುಗಳಿಗೆ ಸಿಮೆಂಟ್ ಬೇರೆ ತುಂಬಿಸಿದ್ದರು. ಹಳೇ ಗೋಡೆ ಸುಣ್ಣದ ಗಾರೆಯ ಮೂಲಕ ತೇವ ಹೊರಗೆ ಬಿಡುತ್ತದೆ. ಅದನ್ನು ಮುಚ್ಚಿದರೆ ತೇವ ಇಟ್ಟಿಗೆಯಲ್ಲೇ ಹೊರದಾರಿ ಹುಡುಕುತ್ತದೆ, ಮುಖ ಕಿತ್ತು ಬೀಳುತ್ತದೆ. ಸಿಮೆಂಟ್ ಕೆತ್ತಿ ತೆಗೆದು ಸುಣ್ಣದ ಗಾರೆ ತುಂಬುವ ಕೈಕೆಲಸಕ್ಕೆ ಕೂಲಿಯೇ ಜಾಸ್ತಿ, ಸಾಮಾನಿನ ಖರ್ಚು ಲೆಕ್ಕಕ್ಕಿಲ್ಲ. ನಮ್ಮ ಅಡುಗೆಮನೆ ಹೊಸದು ಮಾಡಿಸಿದ್ದಕ್ಕಿಂತ ಒಂದು ಗೋಡೆಗೆ ಹೆಚ್ಚಾಯಿತು.

ಕಿಟಕಿಮನೆ
ಇಷ್ಟೆಲ್ಲ ಯಾಕೆ? ಪಾರದರ್ಶಕ ಸೀಲರ್ ಬಳಿದರೆ ಪುಡಿ ನಿಲ್ಲುತ್ತದೆ. ನಾವು ಬಳಿಸಿದ್ದೇವೆ, ಚೆನ್ನಾಗಿದೆ.

ಹಳೇ ಗಾರೆ
ಸೀಲರ್ ಅಂದರೆ ಗೋಡೆಯ ಬಾಯಿ ಕಟ್ಟಿದ ಹಾಗೆ. ಮೇಡಂ, ನಿಮ್ಮ ತೊಲೆಯ ತುದಿಗಳು ಅದೇ ಗೋಡೆಯೊಳಗೆ ಕೂತಿವೆ. ಗೋಡೆ ಒದ್ದೆಯಾದರೆ ಮೊದಲು ಕೊಳೆಯುವುದು ಆ ತುದಿ. ಹೊರಗಿನಿಂದ ಏನೂ ಕಾಣುವುದಿಲ್ಲ. ತೇವ ಅಳೆಯುವ ಮೀಟರ್ ಹಿಡಿಸಿ ನೋಡಿ, ಆಮೇಲೆ ಬೇರೆಯವರಿಗೆ ಸಲಹೆ ಕೊಡಿ.

ಕಿಟಕಿಮನೆ
ನಮ್ಮ ಗೋಡೆ ಒಣಗಿದೆ. ನಿಮ್ಮ ಗೋಡೆ ಕೆಟ್ಟಿತು ಅಂತ ಊರಿನ ಗೋಡೆಗಳೆಲ್ಲ ಕೆಟ್ಟಿವೆ ಅನ್ನಬೇಡಿ.

ದಾಖಲೆಪೆಟ್ಟಿಗೆ
ಇಬ್ಬರೂ ಸ್ವಲ್ಪ ನಿಲ್ಲಿಸಿ. ಆ ಕಟ್ಟಡದಲ್ಲಿ ಮೊದಲು ಏನು ನಡೆಯುತ್ತಿತ್ತು ಅಂತ ಯಾರೂ ಕೇಳಲೇ ಇಲ್ಲ. ಅಮೆರಿಕದ ಹೊಬೋಕೆನ್‌ನಲ್ಲಿ ಪಾದರಸದ ದೀಪ ಮಾಡುತ್ತಿದ್ದ ಕಾರ್ಖಾನೆಯನ್ನು ಕಲಾವಿದರು ಸೇರಿ ಲಾಫ್ಟ್ ಮಾಡಿಕೊಂಡರು. ನೆಲದೊಳಗೆ ಪಾದರಸ ಸಿಕ್ಕಿತು. 1996ರಲ್ಲಿ ಎಲ್ಲರನ್ನೂ, ಮಕ್ಕಳನ್ನೂ ಸೇರಿಸಿ, ಹೊರಗೆ ಕಳಿಸಿದರು. ಆಮೇಲೆ ಕಟ್ಟಡವನ್ನೇ ಕೆಡವಿದರು. ಗೋದಾಮು ಅಂತ ಹೇಳುವ ಎಷ್ಟೋ ಕಡೆ ಮಧ್ಯೆ ಬಣ್ಣ ಹಾಕುವ, ಲೋಹ ಲೇಪಿಸುವ ಕೆಲಸ ನಡೆದಿರುತ್ತದೆ. ನಾನು ಕೊಳ್ಳುವ ಮುಂಚೆ, ಯಾವ ಕಟ್ಟಡದಲ್ಲಿ ಏನಿತ್ತು ಅಂತ ತೋರಿಸುವ ಹಳೇ ವಿಮೆ ನಕ್ಷೆ, ಲೈಸೆನ್ಸ್ ಕಾಗದ ಎಲ್ಲ ತೆಗೆಸಿ ನೋಡಿದೆ. ಎರಡು ಕಟ್ಟಡ ಬಿಟ್ಟು ಮೂರನೆಯದನ್ನು ಆರಿಸಿದೆ. ಆ ಬಗ್ಗೆ ನನಗೆ ಹೆಮ್ಮೆ ಇದೆ.

ವಾಸಕ್ಕೆ ಅನುಮತಿ ಇದೆಯಾ ಅಂತಲೂ ನೋಡಿ. ನ್ಯೂಯಾರ್ಕಿನ ಸೋಹೋ ಬಡಾವಣೆಯ ಹಳೇ ಗೋದಾಮುಗಳಲ್ಲಿ ಶುರುವಿನಲ್ಲಿ ಕಲಾವಿದರು ಕದ್ದು ವಾಸ ಮಾಡುತ್ತಿದ್ದರು. 1960ರ ದಶಕದಲ್ಲಿ, ಇಲ್ಲಿ ಜನ ಇದ್ದಾರೆ ಅಂತ ಅಗ್ನಿಶಾಮಕದವರಿಗೆ ಗೊತ್ತಾಗಲಿ ಎಂದು ಹೊರಗಡೆ ‘ಎ.ಐ.ಆರ್.’ (ಆರ್ಟಿಸ್ಟ್ ಇನ್ ರೆಸಿಡೆನ್ಸ್, ಅಂದರೆ ಕಲಾವಿದರ ವಾಸ ಇದೆ) ಫಲಕ ಹಾಕುತ್ತಿದ್ದರು. 1971ರಲ್ಲಿ ಅಲ್ಲಿ ಪ್ರಮಾಣಪತ್ರ ಪಡೆದ ಕಲಾವಿದರ ವಾಸಕ್ಕೆ ಅವಕಾಶ ಸಿಕ್ಕಿತು. ಅಂಥ ಕಟ್ಟಡಗಳ ಬಾಡಿಗೆದಾರರಿಗೆ ರಕ್ಷಣೆ ಕೊಡುವ ಕಾನೂನು ಬಂದದ್ದು 1982ರಲ್ಲಿ.

ನೇರಗೋಡೆ
ನಾನು ಲಾಫ್ಟ್ ತರಹವೇ ಕಟ್ಟಿದ ಹೊಸ ಕಟ್ಟಡದಲ್ಲಿದ್ದೇನೆ. ಎತ್ತರ ಇದೆ, ದೊಡ್ಡ ಕಿಟಕಿ ಇದೆ, ಜೋಡಿ ಗಾಜು ಇದೆ, ಮೇಲಿನವರ ಸದ್ದಿಲ್ಲ. ಈ ಕಷ್ಟವೆಲ್ಲ ಯಾಕೆ ಬೇಕು?

ಕೆಳಗಿನ ಕಿವಿ
ಸದ್ದಿಲ್ಲದಿದ್ದರೂ ಅದು ಲಾಫ್ಟ್ ಅಲ್ಲ ಸರ್. ಗೋಡೆಗೆ ಇಟ್ಟಿಗೆ ಬಿಲ್ಲೆ ಅಂಟಿಸಿದ ಫ್ಲಾಟ್ ಅದು. ನನಗೆ ಇಲ್ಲಿ ನಿದ್ದೆ ಇಲ್ಲ, ಆದರೂ ಅಂಥದ್ದಕ್ಕೆ ಹೋಗುವುದಿಲ್ಲ.

ಹೊಸಗೂಡು
ಎಲ್ಲರಿಗೂ ಧನ್ಯವಾದ. ಮಗುವಿನ ಬಗ್ಗೆ ಯಾರಾದರೂ ಹೇಳ್ತೀರಾ?

ದಾಖಲೆಪೆಟ್ಟಿಗೆ
ಕಿಟಕಿಯ ಹಳೇ ಬಣ್ಣ ಪರೀಕ್ಷೆ ಮಾಡಿಸಿ ಅಕ್ಕ. ಸೀಸದ ಬಣ್ಣ ಇದ್ದರೆ, ಕಿಟಕಿ ಮೇಲೆ ಕೆಳಗೆ ಎಳೆದಾಗಲೆಲ್ಲ ಉಜ್ಜಿ ಧೂಳು ಬೀಳುತ್ತದೆ. ಮಗುವಿನ ಕೈ ಸಿಗುವ ಎತ್ತರಕ್ಕೇ ಅದು ಸೇರುತ್ತದೆ. ಒಣಗಿದ್ದನ್ನು ಕೆರೆಯಲು, ಉಜ್ಜಲು ಯಾರಿಗೂ ಬಿಡಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ.

ನೆಲಮಾಳಿಗೆ
ಮೇಂಟೆನೆನ್ಸ್ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ನಮ್ಮಲ್ಲಿ ಚದರಡಿ ಲೆಕ್ಕ. ಲಾಫ್ಟ್ ದೊಡ್ಡದಿದ್ದಷ್ಟೂ ಪಾಲು ದೊಡ್ಡದು. ಕಳೆದ ಸಲ ಪ್ಯಾರಾಪೆಟ್ ಹಿಂದೆ ಮಳೆನೀರು ಹರಿಯುವ ಸೀಸದ ದೋಣಿ ಸೋರಿತು ಅಂತ ಎಲ್ಲರಿಂದ ವಸೂಲಿ ಮಾಡಿದರು. ಕಟ್ಟಡದ ಸುತ್ತ ಸಾರುವೆ ಕಟ್ಟಿದ್ದಕ್ಕೇ ಅರ್ಧ ಬಿಲ್. ನಾನು ನೆಲಮಹಡಿಯವನು. ಸಾಮಾನು ಲಿಫ್ಟ್ ರಿಪೇರಿಗೂ ಕೊಟ್ಟೆ, ಅದನ್ನು ನಾನು ಹತ್ತುವುದೇ ಇಲ್ಲ.

ಕಿಟಕಿಮನೆ
ಚಾವಣಿ ಇಲ್ಲದೆ ನಿಮ್ಮ ನೆಲಮಹಡಿ ಎಷ್ಟು ಮಳೆಗಾಲ ನಿಲ್ಲುತ್ತದೆ ಅಣ್ಣ? ಕೊನೇ ಮಹಡಿಯವರು ಮಾತ್ರ ಯಾಕೆ ಕೊಡಬೇಕು?

ನೆಲಮಾಳಿಗೆ
ಚಾವಣಿಗೆ ಕೊಡುತ್ತೇನೆ. ಲಿಫ್ಟಿಗೆ ಕೊಡುವುದಿಲ್ಲ. ಹೊಸಗೂಡು ಅವರೇ, ಸಹಿ ಹಾಕುವ ಮುಂಚೆ ಅಸೋಸಿಯೇಷನ್ನಿನ ಹಳೇ ಮೀಟಿಂಗ್ ನಡಾವಳಿ ಕೇಳಿ ತೆಗೆದುಕೊಳ್ಳಿ. ನಮ್ಮಂಥ ಜಗಳ ಎಲ್ಲ ಅದರಲ್ಲಿ ಬರೆದಿರುತ್ತದೆ.